ಎರಡನೇ ಸುತ್ತು

"ತೂಕದ ಯಂತ್ರದ ಮೇಲೆ ನಿಲ್ಲಿ ಸ್ವಾಮಿ ಅಂದ್ರೆ ಆ ಕಂಟ್ರಾಕ್ಟರು ಮುಖ ಸಿಂಡರಿಸಿದ. ಎಪ್ಪತ್ತು ಕೆ.ಜಿ. ಬರ್ಕೊಳ್ಳಿ ಅಂದ. ನಾನೂ ಬರ್ಕೊಂಡೆ. ಆದ್ರೆ ಹೆಲಿಕಾಪ್ಟರು ಮೇಲೆ ಏಳ್ಬೇಕಲ್ಲ! ಏದುಸಿರು ಬಿಡ್ತಾ, ಬೇಲಿಗೆ ಹೊಟ್ಟೆ ತಾಗಿಸೋ ಹಾಗೆ ದಾಟ್ತು. ಆ ಮನುಷ್ಯ ನೂರಾ ಹತ್ತಕ್ಕೆ ಒಂದು ಗ್ರಾಮೂ ಕಡಿಮೆ ಇರ್ಲಿಲ್ಲ!"

ಪೈಲಟ್‌ಗಳ ಕೋಣೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೇಳಿದವನು ಮೀಸೆ; ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಅವತ್ತು ಹಿರಿಯ ಪೈಲಟ್ ನಿವೃತ್ತರಾಗುವ ದಿನ. ಬೆಳಿಗ್ಗೆ ಕೊನೆಯ ಹಾರಾಟ ಮುಗಿಸಿ ಬಂದಿದ್ದರು. ಪುಣ್ಯಕ್ಕೆ ಭಾಷಣಗಳು ಬೇಗ ಮುಗಿದು ಟೀ ಬಂದಿತ್ತು. ಯಾರು ಯಾವ ನಿಯಮವನ್ನು ಗಾಳಿಗೆ ತೂರಿದ್ದರು ಎಂಬ ಪುರಾಣ ಆಗಷ್ಟೇ ಶುರುವಾಗಿತ್ತು.

"ಈಗ ನಮ್ಮ ಹಿರಿಯರದ್ದು ನೀವು ಹೇಳಿ ಅತ್ತಿಗೆ," ಎಂದ ಮೀಸೆ.

ಹಿರಿಯ ಪೈಲಟರ ಹೆಂಡತಿ ಊರುಗೋಲನ್ನು ಕುರ್ಚಿಗೆ ಒರಗಿಸಿ ಕುಳಿತಿದ್ದರು. "ಇವರೇನು ಕಮ್ಮಿ ಅಂದ್ಕೊಂಡ್ರಾ? ಊರ ಮೇಲೆ ಸಾವಿರ ಅಡಿಗಿಂತ ಕೆಳಗೆ ಬರಬಾರದಂತೆ. ಇವರು ಕೆಲಸ ಮುಗಿಸಿ ಬರ್ತಾ, ನಮ್ಮ ನೀರಿನ ಟ್ಯಾಂಕಿನ ಪಾಚಿ ಕಾಣೋಷ್ಟು ಕೆಳಗಿಳಿದು ಒಂದು ಸುತ್ತು ಹಾಕ್ತಿದ್ರು. ನಾನು ಟೆರೇಸಿಗೆ ಓಡಿ ಟವೆಲ್ ಬೀಸ್ಬೇಕು. ಬೀಸಿದ್ರೆ ಮನೇಲಿದೀನಿ, ಟೀಗೆ ನೀರಿಡ್ತೀನಿ ಅಂತ ಅರ್ಥ. ನಮ್ಮ ಸರಸಕ್ಕೆ ಬೀದಿಯವರು ಒಣಗಿಸಿದ ಬಟ್ಟೆ ಎಲ್ಲಾ ದಿಕ್ಕಾಪಾಲು!"

ಮತ್ತೆ ನಗು. ಹಿರಿಯ ಪೈಲಟ್ ಮಾತ್ರ ಕಪ್ಪಿನ ತಳ ನೋಡುತ್ತ ಕುಳಿತಿದ್ದರು. ಮುಂದಿನ ಭಾಗ ಅವರಿಗೆ ಬಾಯಿಪಾಠವಾಗಿತ್ತು. ಮದುವೆ ಮನೆಗಳಲ್ಲಿ, ನೆಂಟರ ಊಟದ ಮೇಜಿನಲ್ಲಿ, ಎಷ್ಟು ಸಲ ಕೇಳಿದ್ದರೋ ಲೆಕ್ಕವಿಲ್ಲ.

"ಒಂದ್ಸಲ ಏನಾಯ್ತು ಗೊತ್ತಾ? ಅವತ್ತು ಇವರು ಊರ ಮೇಲೆ ಬರದೆ ನೆಟ್ಟಗೆ ನದಿ ದಾರೀಲಿ ಹೋಗಿದ್ರಂತೆ. ಮೇಲೆ ಯಾರದೋ ಹೆಲಿಕಾಪ್ಟರು ಗಡಗಡ ಅಂತು. ನನ್ನ ಗಂಡನೇ ಅಂತ ಒದ್ದೆ ಕಾಲಲ್ಲಿ ಮೆಟ್ಟಿಲು ಹತ್ತಿದ್ದೇ ಹತ್ತಿದ್ದು. ಕೊನೇ ಮೆಟ್ಟಿಲಲ್ಲಿ ಜಾರಿ ಬಿದ್ದೆ, ಸೊಂಟದ ಮೂಳೆ ಎರಡು ತುಂಡು! ಬೇರೆಯವರ ಗಂಡನಿಗೆ ಟವೆಲ್ ಬೀಸೋಕೆ ಹೋದ್ರೆ ಇನ್ನೇನಾಗುತ್ತೆ ಹೇಳಿ?"

ಎಲ್ಲರೂ ನಕ್ಕರು, ಹೇಳಿದವರೂ ನಕ್ಕರು. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದ ಹೆಂಗಸು ಅವರು. ಬಿಸಿಲಿರಲಿ ಗಾಳಿಯಿರಲಿ, ಕೊರಳಲ್ಲಿ ಸೀಟಿ ಹಾಕಿಕೊಂಡು ಮೈದಾನದಲ್ಲೇ ಇರುತ್ತಿದ್ದರು. ಅವತ್ತಿನಿಂದ ಮೈದಾನಕ್ಕೆ ಇಳಿದಿಲ್ಲ.

"ಯಾವಾಗ ಮೇಡಂ ಇದು?" ಬಾಗಿಲ ಬಳಿ ಟೀಗೆ ಬಿಸ್ಕತ್ತು ಅದ್ದುತ್ತಿದ್ದ ಹಳೆಯ ಮೆಕ್ಯಾನಿಕ್ ಕೇಳಿದ. ಪೈಲಟ್‌ಗಳ ಕೂಟಕ್ಕೆ ಅವನನ್ನು ಕರೆದದ್ದು ಅದೇ ಮೊದಲು.

"ಎಂಟು ವರ್ಷ ಆಯ್ತಪ್ಪ. ಹೆಲಿಕಾಪ್ಟರ್ ಕೆಳಗೆ ಬಂತು ಅಂತ ನಮ್ಮ ಬೀದಿಯವರು ದೂರು ಕೊಟ್ಟಿದ್ರಲ್ಲ, ಅವತ್ತೇ."

"ಅಯ್ಯೋ, ಆ ವಾರ ಮರೆಯೋಕಾಗುತ್ತಾ! ಈ ಸುತ್ತಮುತ್ತ ಇದ್ದಿದ್ದೇ ನಮ್ಮ ಮೂರು ಹೆಲಿಕಾಪ್ಟರು. ಒಂದರ ಗೇರ್‌ಬಾಕ್ಸ್ ಬಿಚ್ಚಿ ನೆಲಕ್ಕೆ ಹಾಕಿದ್ದೆ. ಇನ್ನೊಂದಕ್ಕೆ ಬ್ಲೇಡೇ ಇರ್ಲಿಲ್ಲ. ನಾಲ್ಕು ದಿನ ಮನೆ ಮುಖ ನೋಡ್ಲಿಲ್ಲ ನಾನು. ಹಾರ್ತಾ ಇದ್ದಿದ್ದು ಒಂದೇ ಒಂದು, ಅದನ್ನ ನಮ್ಮ ಸಾಹೇಬ್ರೇ..."

ತಾನು ಏನು ಹೇಳುತ್ತಿದ್ದೇನೆಂದು ಆಗ ಅವನಿಗೆ ಹೊಳೆಯಿತು. ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು. ಮೀಸೆ ಗೋಡೆಯ ಮೇಲಿನ ನಕ್ಷೆಯನ್ನು ಹೊಸದೆಂಬಂತೆ ನೋಡತೊಡಗಿದ.

ಎಂಟು ವರ್ಷದ ಹಿಂದೆ ಅವತ್ತು ಕೆಳಗಿಳಿಯುತ್ತಲೇ ಹಿರಿಯ ಪೈಲಟರನ್ನು ಮೇಲಧಿಕಾರಿ ಕರೆಸಿದ್ದರು. ದೂರು ನಿಜವಾದರೆ ಲೈಸೆನ್ಸ್ ಹೋಗುತ್ತಿತ್ತು. 'ನದಿಯ ದಾರಿಯಲ್ಲೇ ಬಂದೆ' ಎಂದು ಹಿರಿಯ ಪೈಲಟ್ ಬರೆದು, ಸಹಿ ಹಾಕಿ, ಮನೆಗೆ ಹೋದರೆ ಬಾಗಿಲು ಹಾರು ಹೊಡೆದಿತ್ತು, ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಕಾಗದದ ಮೇಲೆ ಬರೆದ ಸುಳ್ಳನ್ನೇ ಅವಳ ಮಂಚದ ಪಕ್ಕ ನಿಂತೂ ಹೇಳಿದರು. ಮೂಳೆ ಕೂಡಲಿ ಆಮೇಲೆ ನಿಜ ಹೇಳೋಣ ಅಂದುಕೊಂಡರು. ಅವಳು ನಡೆಯುವಂತಾಗಲಿ, ಆಮೇಲೆ ಹೇಳೋಣ ಅಂದುಕೊಂಡರು. ನಾಳೆ ನಾಳೆ ಎನ್ನುತ್ತ ಎಂಟು ವರ್ಷ ಉರುಳಿತ್ತು.

ಈಗ ಕಪ್ಪು ಕೆಳಗಿಟ್ಟರು. "ನಾನೇ ಕಣೇ," ಎಂದರು. "ಅವತ್ತು ಬಂದಿದ್ದು ನಾನೇ. ನಿನ್ನ ಹತ್ರ ಸುಳ್ಳು ಹೇಳ್ಬಿಟ್ಟೆ. ತಪ್ಪಾಯ್ತು."

ಅವರ ಹೆಂಡತಿ ಬೆಚ್ಚಲಿಲ್ಲ, ಕಣ್ಣೀರು ಹಾಕಲಿಲ್ಲ.

"ಗೊತ್ತು ರೀ. ಬಿದ್ದಲ್ಲಿಂದ ಟೆರೇಸಿನ ಬಾಗಿಲಲ್ಲಿ ಆಕಾಶ ಕಾಣ್ತಿತ್ತು. ಒಂದು ಸುತ್ತು ಹಾಕಿದ್ರಿ. ಟವೆಲ್ ಕಾಣ್ಲಿಲ್ಲ ಅಂತ ವಾಪಸ್ ಬಂದು ಎರಡನೇ ಸುತ್ತು ಹಾಕಿದ್ರಿ. ಬೇರೆಯವರ ಗಂಡ ಯಾಕ್ರೀ ನನ್ನ ಹುಡುಕ್ತಾನೆ?"

"ಗೊತ್ತಿದ್ದೂ... ಮತ್ತೆ ಯಾಕೆ ಎಲ್ಲರ ಮುಂದೆ ಹಾಗೆ..."

ಅವರು ಊರುಗೋಲು ತೆಗೆದುಕೊಂಡು ನಿಧಾನವಾಗಿ ಎದ್ದು ನಿಂತರು. ಗಂಡ ಚಾಚಿದ ಕೈ ಹಿಡಿಯಲಿಲ್ಲ.

"ಎಂಟು ವರ್ಷದಿಂದ ಹೋದಲ್ಲೆಲ್ಲ ನನ್ನನ್ನೇ ನಗೆಪಾಟಲು ಮಾಡ್ಕೊಂಡು ಹೇಳ್ತಾ ಬಂದೆ. ಒಂದ್ಸಲನಾದ್ರೂ ನಡುವೆ ಬಾಯಿ ಹಾಕಿ, ಅಲ್ಲ ಅದು ನಾನೇ ಅಂತೀರೇನೋ ಅಂತ ಕಾದೆ," ಎಂದರು. "ಇವತ್ತೂ ಪಾಪ, ಮೆಕ್ಯಾನಿಕ್ಕೇ ಹೇಳ್ಬೇಕಾಯ್ತು."