ಪ್ರಬಂಧಕ್ಕೊಂದು ಲ್ಯಾಪ್‌ಟಾಪ್

“ಕೀಗಳು ಗಟ್ಟಿ. ಮುನ್ನೂರು ಪುಟ ತಿದ್ದೋ ಬೆರಳಿಗೆ ಇದಲ್ಲ.” ಸಿದ್ದಾರ್ಥ್ ಎರಡನೆಯ ಲ್ಯಾಪ್‌ಟಾಪನ್ನೂ ಆಚೆ ತಳ್ಳಿದ.

ಬೊಮ್ಮಸಂದ್ರದ ಆ ಅಂಗಡಿಯಲ್ಲಿ ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಯಂತ್ರಗಳನ್ನು ಸರಿಮಾಡಿ ಮಾರುತ್ತಾರೆ. ನಡೆಸುವವಳು ಮಹಾನಂದಾ, ಕಲಬುರಗಿ ಕಡೆಯವಳು. ಹಣೆಯ ತುಂಬ ವಿಭೂತಿ. ಹತ್ತೂ ಮುಕ್ಕಾಲಿಗೆ ಬಂದ ಈ ಕಾಲೇಜು ಮೇಷ್ಟ್ರು ನಿಂತ ಕಾಲಲ್ಲೇ ತನ್ನ ಸಂಕಟ ಒದರಿದ್ದ. ಹಳೆಯ ಲ್ಯಾಪ್‌ಟಾಪ್ ಬೆಳಿಗ್ಗೆ ಕಣ್ಣು ಮುಚ್ಚಿತ್ತು. ಪಿಎಚ್‌ಡಿ ಪ್ರಬಂಧ ಪೆನ್‌ಡ್ರೈವಿನಲ್ಲಿತ್ತು. ಅದನ್ನು ಸಲ್ಲಿಸಬೇಕಾದ ವಿಶ್ವವಿದ್ಯಾಲಯದ ಜಾಲತಾಣ ಇವತ್ತು ಹನ್ನೆರಡೂವರೆಗೆ ಮುಚ್ಚುತ್ತದೆ. ತಪ್ಪಿದರೆ ನೋಂದಣಿ ರದ್ದು, ಕೆಲಸಕ್ಕೂ ಸಂಚಕಾರ. ಇಪ್ಪತ್ತೈದು ಸಾವಿರದೊಳಗೆ ಒಂದು ಬೇಕು.

ಯಾವುದನ್ನೇ ಆರಿಸಿದರೂ ಕನ್ನಡ ಫಾಂಟು ಹಾಕಿ ಸಜ್ಜು ಮಾಡಲು ಮುಕ್ಕಾಲು ಗಂಟೆ ಹಿಡಿಯುತ್ತದೆ ಎಂದು ಮಹಾನಂದಾ ಆಗಲೇ ಹೇಳಿದ್ದಳು. ಆತ ತಲೆಯಾಡಿಸಿದ್ದ. ಆಮೇಲೆ ಮದುವೆ ಮನೆಯ ಊಟಕ್ಕೆ ಹೆಸರಿಡುವ ಬೀಗರ ಹಾಗೆ ಕೂತುಬಿಟ್ಟಿದ್ದ.

ಮೂರನೆಯದು ಬಂತು. ಪರದೆಯಲ್ಲಿ ಟ್ಯೂಬ್‌ಲೈಟು ಕಾಣುತ್ತದೆ ಎಂದ. ಆನ್ ಮಾಡಿದರೆ ಕಾಣುವುದಿಲ್ಲ ಎಂದು ಅವಳು ಗುಂಡಿಗೆ ಕೈ ಹಾಕಿದಳು. ಆತ ಕೈ ಅಡ್ಡ ಹಿಡಿದ. ಬಲ್ಲವನಿಗೆ ನೋಡಿದರೇ ಗೊತ್ತಾಗುತ್ತದಂತೆ.

ಅವನ ಕಣ್ಣು ಮೇಜಿನ ಊದುಬತ್ತಿಯ ಮೇಲೆ ಬಿತ್ತು. ತುಟಿ ಸೊಟ್ಟಗಾಯಿತು. ಕಾರ್ಖಾನೆ ಕಾರ್ಮಿಕರ ಮೂಢನಂಬಿಕೆಗಳು ಎಂಬುದೇ ತನ್ನ ಪ್ರಬಂಧದ ವಿಷಯ ಎಂದ. ಲೇತ್ ಯಂತ್ರಕ್ಕೆ ನಿಂಬೆಹಣ್ಣು ಕಟ್ಟುವವರು, ಬೆಕ್ಕು ಅಡ್ಡ ಬಂದರೆ ಪಾಳಿ ತಪ್ಪಿಸುವವರು, ಇಂಥವರ ನಡುವೆ ಆರು ವರ್ಷ ಸವೆಸಿದ್ದನಂತೆ. ಕುರಿಗಳು, ಬರೀ ಕುರಿಗಳು.

“ಊದುಬತ್ತಿ ಹಚ್ಚಿದ್ರೆ ಪ್ರೊಸೆಸರ್ ಜೋರಾಗಿ ಓಡುತ್ತಾ ಮೇಡಂ?”

“ಇಲ್ರಿ ಸರ. ಗಿರಾಕಿ ಮಾತು ಒಂಚೂರು ತಂಪಾಗ್ತೈತಿ.”

ಹನ್ನೊಂದೂಕಾಲು. ಮಹಾನಂದಾ ಗೋಡೆಯ ಗಡಿಯಾರ ನೋಡಿದಳು. ತನ್ನ ಅಂಗಡಿಯ ಕಂಪ್ಯೂಟರಿನಲ್ಲೇ ಕೂತು ಕಳಿಸಿಬಿಡಿ, ಐದು ನಿಮಿಷದ ಕೆಲಸ, ಲ್ಯಾಪ್‌ಟಾಪ್ ಆಮೇಲೆ ಕೊಳ್ಳುವಿರಂತೆ ಎಂದಳು. ಆ ಕಂಪ್ಯೂಟರಿನ ಮೇಲಿನ ಅರಿಶಿನದ ಬೊಟ್ಟನ್ನು ಆತ ಸತ್ತ ಇಲಿಯನ್ನು ನೋಡುವಂತೆ ನೋಡಿದ. ವೈಚಾರಿಕ ಪ್ರಬಂಧ ಇಂಥ ಯಂತ್ರದಿಂದ ಹೋಗುವುದೇ? ಬೇರೆ ತೋರಿಸಿ.

ನಾಲ್ಕನೆಯದು ಭಾರ. ಐದನೆಯದರ ಬಣ್ಣ ಹುಡುಗಾಟದ್ದು. ಆರನೆಯದರಲ್ಲಿ ತಪ್ಪು ಸಿಗದೆ, ಅದನ್ನು ತಿರುಗಿಸಿ ಮುರುಗಿಸಿ ಕೂತ. ಹಣೆಯಲ್ಲಿ ಬೆವರು. ಕಣ್ಣು ಮತ್ತೆ ಮತ್ತೆ ಗಡಿಯಾರಕ್ಕೆ ಹೋಗುತ್ತಿತ್ತು. ಗಾಬರಿಯಲ್ಲಿ ಬುದ್ಧಿ ಕೆಟ್ಟಿದೆ, ಪಾಪ ಎಂದುಕೊಂಡಳು ಮಹಾನಂದಾ.

“ಹೊತ್ತು ಮೀರ್ತೈತ್ರಿ ಸರ. ದುಡ್ಡು ಆಮೇಲೆ ಕೊಡ್ರಿ, ಇದನ್ನ ಈಗಲೇ ಶುರು ಮಾಡ್ತೀನಿ.”

“ನನ್ನ ಹೊತ್ತು ನನಗೆ ಗೊತ್ತು.”

ಎರಡೂ ಮುಳ್ಳುಗಳು ಹನ್ನೆರಡರ ಮೇಲೆ ಕೂಡಿದವು. ಸಿದ್ದಾರ್ಥ್ ದೊಡ್ಡ ಉಸಿರು ಬಿಟ್ಟು, ಕೈಯಲ್ಲಿದ್ದುದನ್ನೇ ಮುಂದೆ ಚಾಚಿ, ಇದನ್ನೇ ಆನ್ ಮಾಡಿ, ಬೇಗ ಬೇಗ ಎಂದ.

ಮುಕ್ಕಾಲು ಗಂಟೆಯ ಕೆಲಸ, ಉಳಿದಿರುವುದು ಅರ್ಧ ಗಂಟೆ, ಇನ್ನು ಆ ಅರಿಶಿನದ ಕಂಪ್ಯೂಟರೇ ಗತಿ, ಇದು ಅರ್ಧ ತಾಸಿನಿಂದ ನಿಮ್ಮ ಕೈಯಲ್ಲೇ ಇತ್ತಲ್ಲ, ಯಾಕ್ರಿ ಕಾದಿರಿ ಎಂದು ಮಹಾನಂದಾ ಕೇಳಿಯೇಬಿಟ್ಟಳು.

ಆತ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಶುಕ್ರವಾರ ಅಲ್ವಾ ಮೇಡಂ... ಹನ್ನೆರಡರ ತನಕ ರಾಹುಕಾಲ.”