ದ್ರಾಕ್ಷಾಯಿಣಿಯ ಹೂಂ

‘ಒಂದ ಬಿಟ್‌ಕಾಯಿನ್ ಕಳಿಸಿದ್ರ ಎರಡ ಕೊಡ್ತೇವಿ ಅಂದ್ರ ನಂಬೂದೇನೋ ಯುವರಾಜ? ತಲಿ ಎಲ್ಲಿಟ್ಟಿದ್ದಿ?’

ದ್ರಾಕ್ಷಾಯಿಣಿ ಕೈಯಲ್ಲಿದ್ದ ಎಣ್ಣೆಹತ್ತಿಯನ್ನು ಮೆಣಸಿನಕಾಯಿ ರಾಶಿಯ ಮೇಲೆ ಬಿಸಾಕಿದಳು. ಬ್ಯಾಡಗಿ ಮಾರುಕಟ್ಟೆಯಲ್ಲಿ ಬಣ್ಣ ಹಾಕಿದ ಕಾಯಿಯನ್ನು ಅವಳು ಆ ಹತ್ತಿಯಿಂದ ಉಜ್ಜಿ ಕಂಡುಹಿಡಿಯುತ್ತಾಳೆ. ಅವಳು ‘ಹೂಂ’ ಅನ್ನುವ ತನಕ ಅಂಗಡಿಯವರು ಒಂದು ಚೀಲವನ್ನೂ ಎತ್ತಿಸುವುದಿಲ್ಲ. ಅದೇ ಅಂಗಡಿಯಲ್ಲಿ ತೂಕ ಮಾಡುವ ಯುವರಾಜ, ಎರಡು ವರ್ಷ ಚೂರುಚೂರಾಗಿ ಕೊಂಡಿಟ್ಟ ಬಿಟ್‌ಕಾಯಿನ್ನನ್ನೆಲ್ಲ ಬೆಳಿಗ್ಗೆ ಫೇಸ್‌ಬುಕ್ಕಿನಲ್ಲಿ ಕಂಡ ಯಾರಿಗೋ ಕಳಿಸಿಬಿಟ್ಟಿದ್ದ.

‘ಪುಕ್ಕಟೆ ಕೊಡಾವ್ರು ಮೊದಲ ನಿನ್ನ ಕಡೆಯಿಂದ ಯಾಕ ಇಸ್ಕೊಂತಾರ? ಇಷ್ಟ ಕೇಳಾಕ ಬರಲಿಲ್ಲ ನಿನಗ? ಆ ಪೋಸ್ಟಿನ ಕೆಳಗ ನನಗ ಬಂತು, ನನಗ ಬಂತು ಅಂತ ಬರದಾವ್ರೆಲ್ಲ ಆ ಕಳ್ಳರ ಮಂದಿನ.’

‘ಎಲ್ಲಾರೂ ಅಲ್ಲಕ್ಕಾ,’ ಎಂದು ಅವನು ತಲೆ ಎತ್ತದೆ ಫೋನನ್ನು ಅವಳ ಮುಂದೆ ಹಿಡಿದ.

ಕಾಮೆಂಟುಗಳ ನಡುವೆ ಅವಳದೇ ಹೆಸರಿತ್ತು. ಪಕ್ಕದಲ್ಲಿ ಅವಳದೇ ಫೋಟೊ. ಎಣ್ಣೆಹತ್ತಿ ಹಿಡಿದು ನಗುತ್ತಿರುವ ಆ ಫೋಟೊವನ್ನು ಹೋದ ತಿಂಗಳು ಅವಳೇ ತನ್ನ ಖಾತೆಯಲ್ಲಿ ಹಾಕಿದ್ದಳು. ಅವಳು ಎಂದೂ ಬರೆಯದ ಮಾತು ಅದರ ಕೆಳಗಿತ್ತು: ‘ನನಗೆ ಎರಡು ಪಟ್ಟು ಬಂದಿದೆ, ಧನ್ಯವಾದಗಳು.’

‘ನನ್ನ ಮಾರಿ ಕದ್ದಾರಲ್ಲೋ ಹಲ್ಕಟ್ಟಗಳು,’ ಎಂದಳು. ಅವನ ಕೈಯಿಂದ ಫೋನ್ ಕಿತ್ತುಕೊಂಡಳು. ‘ನೀನರೆ ನನ್ನ ಒಂದ ಮಾತು ಕೇಳಬೇಕಿತ್ತಿಲ್ಲೋ.’

‘ಕೇಳೇನಿ ಅಕ್ಕಾ. ಕೆಳಗ ನೋಡ್ರಿ.’

ಅವಳು ಬೆರಳಿನಿಂದ ಸರಿಸಿದಳು. ಯುವರಾಜ ಅಲ್ಲೇ ಕೇಳಿದ್ದ, ‘ಖರೇ ಏನಕ್ಕಾ?’

ಅವಳ ಫೋಟೊ ಉತ್ತರ ಕೊಟ್ಟಿತ್ತು, ‘ಹೂಂ.’