ಮೊರೇಲಿಗೆ ಏನಿಷ್ಟ?

ಈ ದೇಶದ ದ್ವೀಪಗಳು ನಿಂತಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಗೈಡ್‌ಬುಕ್ಕಿನಲ್ಲಿ ನಕ್ಷೆ ಇರುವುದಿಲ್ಲ. ಯಾವ ದ್ವೀಪ ಯಾವುದಕ್ಕೆ ಒಲಿದು ಹತ್ತಿರ ಬರುತ್ತದೆ ಎಂದಷ್ಟೇ ಇರುತ್ತದೆ. ಮೊರೇಲಿ ದ್ವೀಪಕ್ಕೆ ಹಾಡು ಇಷ್ಟ ಎಂದಿತ್ತು. ಸುಹಾಸಿನಿ ಬೆಳಗಿನಿಂದ ದೋಣಿಯಲ್ಲಿ ಕೂತು ಹಾಡಿ ಗಂಟಲು ಕೆಡಿಸಿಕೊಂಡಿದ್ದಳು. ಸಂಜೆಯೊಳಗೆ ಮೊರೇಲಿ ಸಿಗದಿದ್ದರೆ ಅಲ್ಲಿ ನಡೆಯುವ ತಂಗಿಯ ಮದುವೆ ತಪ್ಪಿಹೋಗುತ್ತಿತ್ತು.

"ಟೂರ್‌ನವರು ಬೇಡ, ಗೈಡ್‌ಬುಕ್ ಸಾಕು ಅಂದೋಳು ನೀನೇ. ನಿನ್ನ ಹಾಡು ಕೇಳಿ ಓಡ್ಹೋಗಿರ್ಬೇಕು ಕಣೇ ಅದು," ಎನ್ನುತ್ತ ಗೆಳತಿ ನಸೀಮಾ ಚಿತ್ರಾನ್ನಕ್ಕೆ ಸ್ಟವ್ ಹಚ್ಚಿದಳು.

ಸಾಸಿವೆ ಸಿಡಿಯಿತು, ಕರಿಬೇವಿನ ವಾಸನೆ ಎದ್ದಿತು. ದೋಣಿ ಅಲುಗಾಡಿತು. ತಿರುಗಿ ನೋಡಿದರೆ ತೆಂಗಿನಮರ, ಚಪ್ಪರದ ಸಮೇತ ಮೊರೇಲಿ ಪಕ್ಕಕ್ಕೇ ಬಂದು ನಿಂತಿತ್ತು. ದಡದಿಂದ ಮದುಮಗಳು ಕೂಗಿದಳು:

"ಅಕ್ಕಾ, ಸ್ಟವ್ ಆರಿಸ್ಬೇಡ ಕಣೇ! ಹುಡುಗನ ದ್ವೀಪ ಇನ್ನೂ ಬಂದಿಲ್ಲ, ಅದಕ್ಕೂ ಒಗ್ಗರಣೆ ವಾಸನೇನೇ ಇಷ್ಟ!"